ರೊಟ್ಟಿ ಒಗ್ಗಬೇಕಾದದ್ದು ಯಾರಿಗೆ?

ಬನಹಟ್ಟಿಯ ನಮ್ಮ ಮನೆಯಲ್ಲಿ ಅಡುಗೆಮನೆಯ ಕಿಟಕಿ ಸರಳಿಗೆ ಒಂದು ಒದ್ದೆ ಬಟ್ಟೆಯ ಗಂಟು ತೂಗುತ್ತಿರುತ್ತದೆ. ಒಳಗೆ ಒಂದು ದಿನ ಮಡಕಿ ಕಾಳು, ಇನ್ನೊಂದು ದಿನ ಹೆಸರು, ಚಳಿ ಬಿತ್ತೆಂದರೆ ಹುರಳಿ. ರಾತ್ರಿ ನೆನೆಹಾಕಿದ್ದನ್ನು ಚಿಗವ್ವ ಬೆಳಗ್ಗೆ ಬಸಿದು ಕಟ್ಟಿಬಿಡುತ್ತಾಳೆ. ಮರುದಿನ ಗಂಟು ಬಿಚ್ಚಿದರೆ ಒಂದೊಂದು ಕಾಳಿಗೂ ಅರ್ಧ ಉಗುರಿನಷ್ಟು ಬಿಳಿ ಮೊಳಕೆ. ಇದನ್ನು ನೋಡುತ್ತಲೇ ಬೆಳೆದೆ. ಆ ಗಂಟಿನಲ್ಲಿ ಒಂದು ಶಿಸ್ತು ಇದೆ ಎಂದು ತಿಳಿದದ್ದು ಮಾತ್ರ ನಲವತ್ತು ದಾಟಿದ ಮೇಲೆ.

ನಡುವೆ ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದೆ. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಬಿಸ್ಕತ್ತು ಚಹಾ, ರಾತ್ರಿ ಮೈದಾ ಪರೋಟ. ಊರಿಗೆ ತಿರುಗಿ ಬಂದ ಮೊದಲ ವಾರವೇ ಹುಡುಗನಾಗಿದ್ದಾಗ ಉಂಡಂತೆ ಉಣ್ಣಲು ಕೂತೆ. ಬಿಸಿ ಜೋಳದ ರೊಟ್ಟಿ ಎರಡೂವರೆ, ಹುರಳಿಕಾಳಿನ ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಗುದ್ದಿ ಒಡೆದ ಉಳ್ಳಾಗಡ್ಡಿ, ಅಗಸಿ ಹಿಂಡಿ. ರಾತ್ರಿಯೆಲ್ಲ ಹೊಟ್ಟೆ ಉಬ್ಬರಿಸಿಕೊಂಡು ಹೊರಳಾಡಿದೆ. ಬೆಳಗ್ಗೆ ಚಿಗವ್ವನ ಮುಂದೆ ಹೇಳಿದೆ, ‘ನನಗ ಇನ್ನ ರೊಟ್ಟಿ ಒಗ್ಗೂದಿಲ್ಲ ಬಿಡು.’

‘ರೊಟ್ಟಿ ಒಗ್ಗೂದಿಲ್ಲ ಅನಬ್ಯಾಡೋ ತಮ್ಮಾ, ನೀನ ರೊಟ್ಟಿಗೆ ಒಗ್ಗವಲ್ಲಿ’ ಅಂದಳು. ‘ಇವತ್ತ ಅರ್ಧಾ ತಿನ್ನು. ನಾಕ ದಿನಾ ಬಿಟ್ಟು ಮುಕ್ಕಾಲು. ಒಂದ ತಿಂಗಳ ತಡಿ.’

ಅವಳ ಆ ಒಂದು ತಿಂಗಳ ಲೆಕ್ಕ ಎಷ್ಟು ಸರಿಯಾಗಿತ್ತು ಎಂದು ಆಮೇಲೆ ಓದಿ ತಿಳಿದುಕೊಂಡೆ.

ನಾವು ಉಂಡದ್ದೆಲ್ಲ ನಮಗೇ ಜೀರ್ಣವಾಗುತ್ತದೆ ಎಂದುಕೊಂಡಿರುತ್ತೇವೆ. ಸಕ್ಕರೆ, ಅನ್ನದ ಪಿಷ್ಟ, ಎಣ್ಣೆ ಇವು ಬಹುಪಾಲು ಸಣ್ಣ ಕರುಳಿನಲ್ಲೇ ಇಳಿದುಹೋಗುತ್ತವೆ. ಜೋಳದ ಹೊಟ್ಟು, ಕಾಳಿನ ಸಿಪ್ಪೆ, ಸೊಪ್ಪಿನ ನಾರು ಹಾಗಲ್ಲ. ಅವನ್ನು ಕತ್ತರಿಸುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ. ಸಸ್ಯದ ಪಿಷ್ಟ, ಸಕ್ಕರೆಗಳನ್ನು ಒಡೆಯಲು ಮನುಷ್ಯ ತಾನಾಗಿ ತಯಾರಿಸಿಕೊಳ್ಳುವ ಕಿಣ್ವಗಳು ಇಪ್ಪತ್ತರ ಒಳಗೆ. ನಮ್ಮ ದೊಡ್ಡ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಾಯ್ಡಿಸ್ ಥೀಟಾಯೋಟಾಮೈಕ್ರಾನ್ ಎಂಬ ಒಂದೇ ಒಂದು ಬ್ಯಾಕ್ಟೀರಿಯಾದ ಹತ್ತಿರ ಅಂಥವು ಇನ್ನೂರಕ್ಕೂ ಹೆಚ್ಚು. ಇಂಥ ನೂರಾರು ಜಾತಿಯವು ಅಲ್ಲಿವೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಹಾಕಿದಂತೆ ಒಬ್ಬ ಮನುಷ್ಯನ ಒಡಲಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಎಲ್ಲ ಸೇರಿ ತೂಗಿದರೆ 200 ಗ್ರಾಂ.

ರೊಟ್ಟಿ ತಿಂದು ಕೆಲವು ತಾಸಿನ ಮೇಲೆ ಅದರ ನಾರು ಇವುಗಳ ಬಳಿ ತಲುಪುತ್ತದೆ. ಅವು ಅದನ್ನು ಹುಳಿಬರಿಸಿ, ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಆಮ್ಲಗಳನ್ನು ಹೊರಬಿಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಪಡೆಯುವುದು ಈ ಬ್ಯುಟಿರೇಟಿನಿಂದ. ಅಂದರೆ ನಾವು ಅವಕ್ಕೆ ಉಣಿಸಬೇಕು, ಅವು ನಮ್ಮ ಕರುಳಿಗೆ ಉಣಿಸಬೇಕು. ಅಗಸಿಯ ಲಿಗ್ನಾನ್ ಎಂಬ ಅಂಶವೂ ಹಾಗೇ, ಬ್ಯಾಕ್ಟೀರಿಯಾ ಮುಟ್ಟಿದ ಮೇಲೆಯೇ ಎಂಟರೊಲ್ಯಾಕ್ಟೋನ್ ಆಗಿ ರಕ್ತಕ್ಕೆ ಸೇರುತ್ತದೆ. ಇಡೀ ಅಗಸಿ ಬೀಜ ನುಂಗಿದರೆ ಹೋದ ಹಾಗೇ ಹೊರಬರುತ್ತದೆ. ಹುರಿದು, ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ ಕುಟ್ಟಿ ಹಿಂಡಿ ಮಾಡಿದವರು ಎಷ್ಟು ತಿಳಿದವರು!

ಇನ್ನು ಆ ರಾತ್ರಿಯ ಉಬ್ಬರ. ಕಾಳುಗಳಲ್ಲಿ ರ್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವವೂ ನಮಗಿಲ್ಲ. ಬ್ಯಾಕ್ಟೀರಿಯಾ ಒಡೆಯುತ್ತವೆ, ಒಡೆಯುವಾಗ ಗಾಳಿ ಹುಟ್ಟುತ್ತದೆ. ಹನ್ನೊಂದು ವರ್ಷ ಮೈದಾ ಕೊಟ್ಟು ಒಂದೇ ರಾತ್ರಿ ತಾಟು ತುಂಬ ನಾರು, ಕಾಳು ಸುರಿದರೆ ಏನಾಗಬೇಕೋ ಅದೇ ಆಗಿತ್ತು. ಕಾಳು ಮೊಳೆಯುವಾಗ ಅದೇ ಸಕ್ಕರೆಯನ್ನು ತನ್ನ ಬೆಳವಣಿಗೆಗೆ ಖರ್ಚು ಮಾಡಿಕೊಳ್ಳುತ್ತದೆ. ಕಿಟಕಿಯ ಗಂಟಿನ ಗುಟ್ಟು ಅದು. ಆ ದಿನದ ಹುರಳಿಯನ್ನು ನನ್ನ ಅವಸರಕ್ಕಾಗಿ ನೆನೆಸದೆ ಕುಕ್ಕರಿಗೆ ಹಾಕಿಸಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ನಾವು ಬದಲಾಗಲು ಹೊರಟಾಗಲೆಲ್ಲ ಮಾಡುವ ತಪ್ಪು ಇದೇ ಎಂದು ನನಗೆ ಅನಿಸುತ್ತದೆ. ಯುಗಾದಿಗೆ ಒಂದು ಸಂಕಲ್ಪ ಮಾಡುತ್ತೇವೆ. ಮೊದಲ ದಿನವೇ ಪೂರ್ತಿ ಮಾಡಿ ತೋರಿಸುವ ಹುರುಪು. ಮೂರನೇ ದಿನ ಮೈ ತಿರುಗಿಬೀಳುತ್ತದೆ, ‘ಇದು ನಮಗಲ್ಲ’ ಎಂದು ಕೈಬಿಡುತ್ತೇವೆ. ಮನಸ್ಸು ಒಂದು ಗಳಿಗೆಯಲ್ಲಿ ನಿರ್ಧಾರ ಮಾಡಬಹುದು. ಕೆಲಸ ಮಾಡಬೇಕಾದವರು ಬೇರೆ ಇದ್ದಾರೆ, ಅವರ ಸಂಖ್ಯೆ ಹೆಚ್ಚಬೇಕು, ಅದಕ್ಕೆ ದಿನ ಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾರು ಹೆಚ್ಚಿಸುವ ಗುಂಪಿಗೆ ಒಮ್ಮೆಲೇ ತಿನ್ನಿಸಲಿಲ್ಲ. ಮೊದಲ ನಾಲ್ಕು ವಾರ ಮೆಲ್ಲಗೆ ಏರಿಸುತ್ತ ಹೋದರು. ಚಿಗವ್ವ ಹೇಳಿದ ತಿಂಗಳು! ಅದೇ ಅಧ್ಯಯನದಲ್ಲಿ ಹತ್ತು ವಾರದೊಳಗೆ ಕರುಳಿನ ಬ್ಯಾಕ್ಟೀರಿಯಾಗಳ ಬಗೆ ಹೆಚ್ಚಿದ್ದು ಮೊಸರಿನಂಥ ಹುಳಿಬಂದ ಆಹಾರ ತಿಂದವರಲ್ಲಿ. ಬರೀ ನಾರು ತಿಂದವರಲ್ಲಿ ಅಷ್ಟು ಬೇಗ ಹೆಚ್ಚಲಿಲ್ಲ. ರೊಟ್ಟಿಯ ಜೊತೆ ಮಜ್ಜಿಗೆಯೂ ಬೇಕು, ತಾಳ್ಮೆಯೂ ಬೇಕು.

ನಮ್ಮ ಸೀಮೆಯ ಮಟ್ಟಿಗೆ ಇದು ಒಬ್ಬಿಬ್ಬರ ಮಾತಲ್ಲ. ಜಮಖಂಡಿ, ಮುಧೋಳ, ಬೀಳಗಿಯ ಎರೆಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ, ಜೊತೆಗೆ ಕಡಲೆ, ಕುಸುಬೆ, ಅಗಸಿ ಬೆಳೆಯುತ್ತಿದ್ದ ಕಾಲವಿತ್ತು. ಕೃಷ್ಣೆ, ಘಟಪ್ರಭೆಯ ನೀರು ಹೊಲಕ್ಕೆ ಬಂತು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಹಾಕಿ, ಬೆವರು ಸುರಿಸಿ ಬ್ಯಾರೇಜು ಕಟ್ಟಿದ್ದು ನಮ್ಮೆಲ್ಲರ ಹೆಮ್ಮೆ. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕೈಗೆ ಕಾಸು ಬಂತು. ಕಬ್ಬನ್ನು ನಾನು ಹಳಿಯಲಾರೆ, ಮಹಾಲಿಂಗಪುರದ ಬೆಲ್ಲ ಇಲ್ಲದ ಹೋಳಿಗೆ ನನಗೆ ಬೇಡ. ಆದರೆ ಹೊಲದಿಂದ ಹೋದದ್ದು ತಾಟಿನಿಂದಲೂ ಹೋಗುತ್ತಿದೆ. ನಮ್ಮ ಓಣಿಯಲ್ಲಿ ಮಗ್ಗದ ಮುಂದೆ ದಿನವಿಡೀ ಕೂತು ನೇಯುವವರಿಗೆ ಸಂಜೆಗೆ ಚಹಾ, ಚುರಮುರಿ, ಮಿರ್ಚಿ ಭಜಿ ಸಾಕಾಗುತ್ತದೆ, ರಾತ್ರಿಗೆ ಅನ್ನ ಸಾರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ.

ಉಣಿಸದೆ ಬಿಟ್ಟರೆ ಆ ಜೀವಿಗಳು ಏನು ಮಾಡುತ್ತವೆ? ಇಲಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ನನ್ನನ್ನು ಬಹಳ ಕಾಡಿವೆ. ಒಂದರಲ್ಲಿ ನಾರು ಸಿಗದ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಪದರವನ್ನೇ ತಿನ್ನತೊಡಗಿದವು. ಇನ್ನೊಂದರಲ್ಲಿ ನಾಲ್ಕು ತಲೆಮಾರು ನಾರು ಕಡಿಮೆ ತಿಂದ ಇಲಿಗಳಲ್ಲಿ ಎಷ್ಟೋ ಬಗೆಯ ಬ್ಯಾಕ್ಟೀರಿಯಾ ಕಾಣೆಯಾದವು, ಆಮೇಲೆ ನಾರು ಕೊಟ್ಟರೂ ತಿರುಗಿ ಬರಲಿಲ್ಲ. ಇಲಿಯ ಮಾತು ಮನುಷ್ಯನಿಗೆ ಹಾಗೆಹಾಗೇ ಹೊಂದಬೇಕೆಂದಿಲ್ಲ. ಆದರೂ ಮಕ್ಕಳ ತಾಟಿಗೆ ಬಡಿಸುವಾಗ ನನಗೆ ಅದು ನೆನಪಾಗುತ್ತದೆ. ಇದಕ್ಕೆ ಎದುರಾದ ಸಂತೋಷದ ಸಂಗತಿಯೊಂದು 2010ರಲ್ಲಿ ಜಪಾನಿನವರ ಕರುಳಿನಲ್ಲಿ ಸಿಕ್ಕಿತು. ತಲೆತಲಾಂತರದಿಂದ ಕಡಲಪಾಚಿ ತಿನ್ನುವ ಅವರ ಕರುಳಿನ ಬ್ಯಾಕ್ಟೀರಿಯಾ, ಪಾಚಿ ಒಡೆಯುವ ಕಿಣ್ವದ ವಂಶವಾಹಿಯನ್ನು ಸಮುದ್ರದ ಬ್ಯಾಕ್ಟೀರಿಯಾದಿಂದ ಪಡೆದುಕೊಂಡಿದ್ದವು. ಮನೆತನದ ಊಟ ಒಡಲಿನ ಒಳಗೂ ಹೀಗೆ ನೆಲೆಯೂರುತ್ತದೆ.

ರೊಟ್ಟಿ ಮನೆಯಿಂದ ಜಾರಲು ಇನ್ನೊಂದು ಕಾರಣವಿದೆ. ಗಂಡಸರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಿಟ್ಟಿಗೆ ಎಸರು ಹಾಕಿ, ನಾದಿ, ಬಡಿದು, ಉರಿಯ ಮುಂದೆ ಕೂತು ಇಪ್ಪತ್ತು ರೊಟ್ಟಿ ಮಾಡುವ ತೋಳು ಯಾರದು? ನಾವು ತಾಟಿನ ಮುಂದೆ ಕೂತು ‘ನಮ್ಮ ಹಿರಿಯರ ಊಟ’ ಎಂದು ಹೊಗಳಿದರೆ ಆ ತೋಳಿನ ನೋವು ಇಳಿಯುವುದಿಲ್ಲ. ಒಳ್ಳೆಯ ರೂಢಿ ಎನ್ನುವುದು ಮತ್ತೊಬ್ಬರ ದುಡಿಮೆಯ ಮೇಲೆ ನಿಂತಿದ್ದರೆ ಅದು ನಮ್ಮ ರೂಢಿಯಲ್ಲ. ನನ್ನ ರೊಟ್ಟಿ ಇವತ್ತಿಗೂ ದುಂಡಗೆ ಬರುವುದಿಲ್ಲ, ಅಂಚು ಸೀಳುತ್ತದೆ. ಆದರೂ ವಾರದಲ್ಲಿ ಎರಡು ದಿನ ಹಂಚಿನ ಮುಂದೆ ನಾನು ಕೂರುತ್ತೇನೆ. ಉಳಿದ ದಿನ ಕೆಲವೊಮ್ಮೆ ಸ್ವಸಹಾಯ ಗುಂಪಿನ ಹೆಂಗಸರು ಮಾರುವ ಕಟಕ ರೊಟ್ಟಿ ತರುತ್ತೇನೆ. ಬೆಂದ ಪಿಷ್ಟ ಆರಿದಾಗ ಒಂದಿಷ್ಟು ಗಟ್ಟಿಯಾಗಿ ಸಣ್ಣ ಕರುಳಿಗೆ ದಕ್ಕದೆ ಮುಂದೆ ಸಾಗುತ್ತದೆ, ಆರಿದ ರೊಟ್ಟಿಯಲ್ಲೂ ಆ ಜೀವಿಗಳಿಗೆ ಪಾಲು ಇದ್ದೇ ಇದೆ.

ಕಾಳು ನೆನೆಹಾಕುವ ಕೆಲಸವನ್ನಂತೂ ಪೂರ್ತಿ ನನ್ನದಾಗಿಸಿಕೊಂಡಿದ್ದೇನೆ. ಎರಡು ನಿಮಿಷದ ಕೆಲಸ. ಆದರೆ ಮಲಗುವ ಮುಂಚೆ ನಾಡಿದ್ದಿನ ಊಟವನ್ನು ನೆನೆಯಬೇಕು. ದಿನ ಹೇಗೇ ಕಳೆದಿರಲಿ, ಯಾರ ಮೇಲೆ ಸಿಟ್ಟಿರಲಿ, ಡಬ್ಬಿ ತೆಗೆದು ಎರಡು ಮುಷ್ಟಿ ಅಳೆದು ನೀರು ಹಾಕುವಾಗ ಮನಸ್ಸು ತಿಳಿಯಾಗುತ್ತದೆ. ಅರ್ಧ ರೊಟ್ಟಿಯಿಂದ ಶುರುಮಾಡಿದವನು ಐದನೇ ವಾರಕ್ಕೆ ಎರಡಕ್ಕೆ ಬಂದೆ, ಉಬ್ಬರ ಬರಲಿಲ್ಲ. ಕರುಳಿನ ಬೇನೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು, ಅವರಿಗೆ ನನ್ನ ಲೆಕ್ಕ ಹೊಂದಲಿಕ್ಕಿಲ್ಲ.

ಹೋದ ತಿಂಗಳು ಚಿಗವ್ವ ನಾಲ್ಕು ದಿನಕ್ಕೆಂದು ಬೀಳಗಿಗೆ ಮಗಳ ಮನೆಗೆ ಹೋಗಿದ್ದಳು. ಮುಟ್ಟಿದೆ ಎಂದು ಹೇಳಲು ಫೋನು ಮಾಡಿದವಳು ಬಸ್ಸಿನ ಸುದ್ದಿ ಹೇಳಲಿಲ್ಲ, ಮೊಮ್ಮಕ್ಕಳ ಸುದ್ದಿಯನ್ನೂ ಹೇಳಲಿಲ್ಲ.

‘ಕಾಳ ನೆನಿ ಹಾಕೀಯೇನೋ ತಮ್ಮಾ?’

ಹಾಕಿದ್ದೆ. ಹುರಳಿ, ಎರಡು ಮುಷ್ಟಿ.