ಪತಿಯ ವ್ರತಭಂಗ ಮತ್ತು ಪತ್ನಿಯ ಕ್ರೋಧ

ಶ್ರಾವಕನ ಐದು ಅಣುವ್ರತಗಳಲ್ಲಿ ನಾಲ್ಕನೆಯದು ಸ್ವದಾರಸಂತೋಷ. ಈ ವ್ರತವು ಒಡೆದ ಮನೆಯಲ್ಲಿ ಮೊದಲನೆಯ ಅಣುವ್ರತವಾದ ಅಹಿಂಸೆಯೂ ಬಹುಕಾಲ ಉಳಿಯುವುದಿಲ್ಲವೆಂಬುದು ಲೋಕಾನುಭವ. ಗಂಡನು ಪರಸ್ತ್ರೀಸಂಗ ಮಾಡಿದನೆಂದು ತಿಳಿದ ಮೇಲೆ, ಅದುವರೆಗೆ ಯಾರಿಗೂ ಎದುರಾಡದ ಗೃಹಿಣಿಯೂ ಕೆಲವೊಮ್ಮೆ ಅವನ ಮೇಲೆ ಕೈಯೆತ್ತುತ್ತಾಳೆ, ಪಾತ್ರೆಗಳನ್ನು ಎಸೆಯುತ್ತಾಳೆ, ಮಕ್ಕಳನ್ನು ಹೊಡೆಯುತ್ತಾಳೆ, ಒಲೆ ಹೊತ್ತಿಸದೆ ಕುಳಿತುಬಿಡುತ್ತಾಳೆ. ನೆರೆಹೊರೆಯವರು 'ಅವಳ ಸ್ವಭಾವವೇ ಕೆಟ್ಟಿತು' ಎನ್ನುತ್ತಾರೆ. ಸಮಾಜದ ಹಿರಿಯರು 'ಸೈರಿಸಿಕೊಂಡು ಹೋಗು ತಾಯಿ' ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದೂ ಕಾರಣವನ್ನು ಶೋಧಿಸುವುದಿಲ್ಲ. ಆ ಕ್ರೋಧವು ಎಲ್ಲಿಂದ ಹುಟ್ಟಿತು, ಅದಕ್ಕೆ ಧರ್ಮದಲ್ಲಿ ಸ್ಥಾನವೆಷ್ಟು, ಅದರ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಈ ಕ್ರೋಧದ ಬುಡದಲ್ಲಿ ಮೊದಲಿಗಿರುವುದು ದ್ವೇಷವಲ್ಲ, ರಾಗ. ಆಂಗ್ಲ ಮನೋವೈದ್ಯ ಜಾನ್ ಬೌಲ್ಬಿಯವರು 1973ರ ತಮ್ಮ ಗ್ರಂಥದಲ್ಲಿ, ಆಪ್ತರು ದೂರವಾದಾಗ ಬರುವ ಕೋಪವು ಮೂಲತಃ ಅವರನ್ನು ಮರಳಿ ಕರೆಯುವ ಕೂಗು ಎಂಬ ಭಾವವನ್ನು ವಿವರಿಸಿದ್ದಾರೆ. ಮರಳುವ ಆಸೆ ಬತ್ತಿದಾಗ ಆ ಕೂಗು ಕಹಿಯಾಗುತ್ತದೆ. ಎರಡನೆಯದು ಮಾನಕಷಾಯ. ಊರಿಗೆಲ್ಲ ಗೊತ್ತಿದ್ದುದು ತನಗೊಬ್ಬಳಿಗೆ ಗೊತ್ತಿರಲಿಲ್ಲವೆಂಬ ಅಪಮಾನವು ವಿಯೋಗಕ್ಕಿಂತ ಆಳವಾಗಿ ಸುಡುತ್ತದೆ. ಮೂರನೆಯದು, ಕಳೆದ ದಿನಗಳನ್ನೆಲ್ಲ ಮನಸ್ಸು ಮತ್ತೆ ಮತ್ತೆ ತಿರುವಿಹಾಕುವುದು: ಅಂದು ಆಡಿದ ಮಾತು ನಿಜವೋ ಸುಳ್ಳೋ, ಆ ಪ್ರಯಾಣ ವ್ಯಾಪಾರಕ್ಕೋ ಬೇರೆ ಯಾತಕ್ಕೋ? ನಮ್ಮ ಶಾಸ್ತ್ರಕಾರರು ಇದನ್ನು ಇಷ್ಟವಿಯೋಗದ ಆರ್ತಧ್ಯಾನವೆಂದು ಗುರುತಿಸಿದ್ದಾರೆ. ಅದು ತಡೆಯಿಲ್ಲದೆ ಬೆಳೆದರೆ, ನೋಯಿಸುವುದರಲ್ಲೇ ಸುಖ ಕಾಣುವ ರೌದ್ರಧ್ಯಾನವಾಗುತ್ತದೆ. ನಾಲ್ಕನೆಯದು ಅಸಹಾಯಕತೆ. ಕೈಯಲ್ಲಿ ಸ್ವಂತ ಹಣವಿಲ್ಲ, ತವರಿಗೆ ಹೋದರೆ ತಂಗಿಯ ಮದುವೆಗೆ ಅಡ್ಡಿ. ಆಗ ಬಲಿಷ್ಠನ ಮೇಲಿನ ಕೋಪವು ಕೈಗೆಟುಕುವ ದುರ್ಬಲರ ಮೇಲೆ ಇಳಿಯುತ್ತದೆ. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ಒಬ್ಬನ ಖಾತೆಯ ಬಾಕಿಯನ್ನು ಇನ್ನೊಬ್ಬರಿಂದ ವಸೂಲು ಮಾಡಿದಂತೆ. ಹಾಗೆ ವಸೂಲು ಮಾಡಿದರೆ ಮೂಲ ಬಾಕಿ ತೀರುವುದಿಲ್ಲ. ಮಗುವಿನ ಹೆಸರಿನಲ್ಲಿ ಹೊಸ ಸಾಲವೊಂದು ಹುಟ್ಟುತ್ತದೆ.

ಹಾಗಾದರೆ ಈ ಹಿಂಸೆ ಕ್ಷಮ್ಯವೇ? ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ವಿರೋಧೀ ಹಿಂಸೆ ಎರಗಿ ಬಂದವನನ್ನು ತಡೆಯುವುದಕ್ಕೆ ಮಾತ್ರ. ಗಂಡನು ಹೊಡೆಯಲು ಬಂದಾಗ ಹೆಂಡತಿ ತನ್ನನ್ನು ಕಾಪಾಡಿಕೊಂಡರೆ ಅದು ವಿರೋಧೀ. ನಡೆದುಹೋದ ದ್ರೋಹಕ್ಕೆ ಶಿಕ್ಷೆಯಾಗಿ ಹೊಡೆದರೆ ಅದು ಸಂಕಲ್ಪೀ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಹೊಡೆಯುವುದರ ಜೊತೆಗೆ ಅನ್ನಪಾನಗಳನ್ನು ತಡೆಯುವುದೂ ಸೇರಿದೆ. ಆದ್ದರಿಂದ ಹಸಿದ ಮಕ್ಕಳ ಮುಂದೆ ಆರಿದ ಒಲೆಯೂ ಹಿಂಸೆಯೇ.

'ಸಿಟ್ಟನ್ನು ಹೊರಹಾಕಿಬಿಟ್ಟರೆ ಮನಸ್ಸು ಹಗುರಾಗುತ್ತದೆ' ಎಂಬ ನಂಬಿಕೆಯೊಂದಿದೆ. ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಶ್ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಕೋಪವು ಸುಮ್ಮನೆ ಕುಳಿತವರ ಕೋಪಕ್ಕಿಂತ ಹೆಚ್ಚಾಯಿತು. ಕ್ರೋಧವನ್ನು ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ ಎಂದು ನಾಲ್ಕಾಗಿ ವಿಂಗಡಿಸಿದ ಆಚಾರ್ಯರ ಅಭಿಪ್ರಾಯವೂ ಇದನ್ನೇ ಸೂಚಿಸುತ್ತದೆ. ಮತ್ತೆ ಮತ್ತೆ ಕೆತ್ತಿದಷ್ಟೂ ಗೆರೆ ಕಲ್ಲಿನದಾಗುತ್ತದೆ.

ಹಾಗೆಂದು ನುಂಗಿಕೊಂಡಿರುವುದು ಕ್ಷಮೆಯಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ದ್ರೋಹಕ್ಕೊಳಗಾದವನು ಗಂಡ. ಆದರೂ ಅದರ ಪಾಠ ಇಬ್ಬರಿಗೂ ಒಂದೇ. ರಾಣಿ ಅಮೃತಮತಿ ಮಾವುತನನ್ನು ಕೂಡಿದ್ದನ್ನು ಕಂಡ ಯಶೋಧರನು ಕತ್ತಿಯೆತ್ತಿಯೂ ಹೊಡೆಯದೆ ಹಿಂತಿರುಗಿದನು. ಆ ಸಂಯಮ ಶ್ಲಾಘ್ಯ. ಆದರೆ ಬೆಳಿಗ್ಗೆ ತಾಯಿಯ ಮುಂದೆ ಸತ್ಯವನ್ನು ಮುಚ್ಚಿ, ಕೆಟ್ಟ ಕನಸು ಕಂಡೆನೆಂದನು. ಆ ಸುಳ್ಳು ಕನಸಿನ ಶಾಂತಿಗಾಗಿ ಹಿಟ್ಟಿನ ಕೋಳಿಯ ಬಲಿ ನಡೆಯಿತು. ಬಳಿಕ ಅಮೃತಮತಿಯ ವಿಷಕ್ಕೆ ತಾಯಿ ಮಗ ಇಬ್ಬರೂ ಬಲಿಯಾಗಿ ಜನ್ಮಜನ್ಮಾಂತರ ಅಲೆದರು. ಹಿಟ್ಟಿನ ಕೋಳಿಯಲ್ಲಿ ರಕ್ತವಿರಲಿಲ್ಲ, ಸಂಕಲ್ಪವಿತ್ತು. ಕೈಯನ್ನು ತಡೆದುಕೊಂಡು ಸತ್ಯವನ್ನೂ ಅಡಗಿಸಿದರೆ ಹಿಂಸೆಯು ಬೇರೊಂದು ಬಾಗಿಲಿನಿಂದ ಒಳಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಥೆ ಬೇಕಿಲ್ಲ. ನೊಂದ ಶ್ರಾವಿಕೆ ಮಾತನಾಡಬೇಕು. ಅವಳ ಮಾತನ್ನು ಕೇಳುವವರಿರಬೇಕು.

ಇನ್ನು ಹೊಣೆಯ ಪ್ರಶ್ನೆ. ಇಲ್ಲಿ ನಿಮಿತ್ತ ಮತ್ತು ಉಪಾದಾನಗಳ ವಿವೇಕ ಅಗತ್ಯ. ಅವಳ ಕ್ರೋಧಕ್ಕೆ ಗಂಡನ ನಡತೆ ನಿಮಿತ್ತ. ಅವಳದೇ ಕಷಾಯಪರಿಣತಿ ಉಪಾದಾನ. ಉಪಾದಾನವನ್ನು ಮುಂದಿಟ್ಟು ಗಂಡನು ನುಣುಚಿಕೊಳ್ಳುವಂತಿಲ್ಲ; ನಿಮಿತ್ತವನ್ನು ಮುಂದಿಟ್ಟು ಹೆಂಡತಿ ತನ್ನ ಕರ್ಮಬಂಧದಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ರಾಗಾದಿಗಳ ಉದಯವನ್ನೇ ಹಿಂಸೆಯೆಂದು ಕರೆದು, ಅಸತ್ಯ ಅಬ್ರಹ್ಮಗಳನ್ನೂ ಹಿಂಸೆಯಲ್ಲೇ ಅಡಕಗೊಳಿಸಿದ್ದಾರೆ. ಆ ದೃಷ್ಟಿಯಿಂದ ಮನೆಯಲ್ಲಿ ಹಿಂಸೆ ಮೊದಲಾದುದು ಪಾತ್ರೆ ಬಿದ್ದ ದಿನವಲ್ಲ, ಗಂಡನು ಸುಳ್ಳು ಹೇಳಿ ಹೊರಟ ದಿನ.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ದಂಡಸಂಹಿತೆಯ 497ನೆಯ ಕಲಮನ್ನು ರದ್ದುಗೊಳಿಸಿದ ಮೇಲೆ ವ್ಯಭಿಚಾರವು ಅಪರಾಧವಾಗಿ ಉಳಿದಿಲ್ಲ. ಆ ಕಲಮು ಇದ್ದಾಗಲೂ ಗಂಡನ ಮೇಲೆ ದೂರು ಕೊಡುವ ಹಕ್ಕು ಹೆಂಡತಿಗೆ ಇರಲಿಲ್ಲ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾತ್ರ ಅದು ವಿಚ್ಛೇದನಕ್ಕೆ ಕಾರಣವಾಗಿ ಇಂದಿಗೂ ಇದೆ. ಕಾನೂನಿಗೆ ಅಪರಾಧವಲ್ಲದ್ದು ವ್ರತಕ್ಕೆ ಭಂಗವಲ್ಲವೆಂದು ಯಾವ ಶ್ರಾವಕನೂ ತಿಳಿಯಬಾರದು.

ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರ ನೆನಪು ಹಸಿರಾಗಿರುವ ನಮ್ಮ ಉಗಾರ, ಶೇಡಬಾಳ, ಕಾಗವಾಡ ಭಾಗದಲ್ಲಿ ವ್ರತವೆಂಬ ಮಾತಿಗೆ ಇನ್ನೂ ಬೆಲೆಯಿದೆ. ಬಸದಿಗಳ ಟ್ರಸ್ಟುಗಳು ಆ ಬೆಲೆಯನ್ನು ಉಳಿಸಬೇಕಾದರೆ, ಇಂತಹ ಮನೆಯ ವಿಷಯ ಬಂದಾಗ ಮೊದಲು ಗಂಡನನ್ನು ಕರೆದು ಕೇಳಲಿ. ಹೆಂಡತಿಯ ಮಾತನ್ನು ಗುಟ್ಟಾಗಿ ಕೇಳಲು ಇಬ್ಬರು ಹಿರಿಯ ಶ್ರಾವಿಕೆಯರನ್ನು ನೇಮಿಸಲಿ. ಮಕ್ಕಳ ಊಟ, ಶಾಲೆಗಳು ನಿಲ್ಲದಂತೆ ನೋಡಿಕೊಳ್ಳಲಿ. ಅವಳ ಮನಸ್ಸು ತೀರ ಕೆಟ್ಟಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುವುದು ನಾಚಿಕೆಯಲ್ಲ.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ. ಆದರೆ ಕ್ಷಮೆ ಬೇಡುವವನಿಗೆ ಮೊದಲು ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳ ವಿಧಿಯಿದೆ. ತಪ್ಪನ್ನು ಒಪ್ಪಿ ಬಿಟ್ಟ ಗಂಡನಿಗೆ ಕ್ಷಮೆ ಬೇಡುವ ಅಧಿಕಾರವುಂಟು. ಕ್ಷಮಿಸುವುದು ಹೆಂಡತಿಯ ಆತ್ಮದ ಧರ್ಮ. ಅವಳ ಪರವಾಗಿ ಅದನ್ನು ಕೊಡಲು ಅತ್ತೆಗಾಗಲಿ ಹಿರಿಯರಿಗಾಗಲಿ ಹಕ್ಕಿಲ್ಲ.