ದಲ್ಲಾಳಿ ಯಾರ ಕಡೆಯವನು?

ರಾಜಾಜಿನಗರದಲ್ಲಿ ಹಳೆಯ ಮನೆ ಮಾರುವಾಗ ದಲ್ಲಾಳಿಯ ಮುಂದೆ ಕಾಗದ ಇಡಲು ನಮಗೆ ಸಂಕೋಚ. "ನಂಬಿಕೆ ಇಲ್ವಾ ಸಾರ್?" ಎಂದುಬಿಟ್ಟರೆ! ಸಾಲದ ವ್ಯವಹಾರ ಚಿಕ್ಕದಿರಲಿ, ದೊಡ್ಡದಿರಲಿ, ಬರೆದಿಡಲು ಬೇಸರಿಸಬೇಡಿ ಎನ್ನುವ ಅಲ್ ಬಕರದ 282ನೇ ಸೂಕ್ತ ಕುರ್‌ಆನಿನಲ್ಲೇ ಅತಿ ದೀರ್ಘವಾದದ್ದು. ಅದು ಹೇಳಿದ್ದು ವಿಶ್ವಾಸಿಗಳಿಗೇ.

ಕಮಿಷನ್ ಎಷ್ಟೆಂದು ಹೇಗೋ ಮಾತಾಗುತ್ತದೆ. ಆತ ಯಾರ ಪರ ಎಂಬುದು ಆಗುವುದಿಲ್ಲ. ಮಾರುವವರಿಗೆ 1 ಕೋಟಿ ಎಂದು ಹೇಳಿ, ಕೊಳ್ಳುವವರಿಂದ 1 ಕೋಟಿ 5 ಲಕ್ಷ ಪಡೆದನೆನ್ನಿ. ನಡುವಿನ 5 ಲಕ್ಷ ಯಾರದು? ಜಾಣತನದ ಸಂಪಾದನೆ ಎನ್ನುವವರಿದ್ದಾರೆ. ನಮಗದು ಅಮಾನತ್ತಿಗೆ ಬಗೆದ ದ್ರೋಹ. ಮಾಲೀಕನಿಗೆ ತಿಳಿಸದೆ ಏಜೆಂಟ್ ತನ್ನ ಲೆಕ್ಕಕ್ಕೆ ಮಾಡಿಕೊಂಡ ಲಾಭವನ್ನು ಮಾಲೀಕ ಕೇಳಬಹುದೆಂದು 1872ರ ಕರಾರು ಕಾಯ್ದೆಯ 216ನೇ ಕಲಮೂ ಹೇಳುತ್ತದೆ. 2016ರ ರೇರಾ ಕಾಯ್ದೆ ಏಜೆಂಟರ ನೋಂದಣಿ ಕೇಳುವುದು ನೋಂದಾಯಿತ ಯೋಜನೆಗಳ ಮಾರಾಟಕ್ಕೆ. ಹಳೆಯ ಮನೆಗೆ ನಮ್ಮ ಕಾಗದವೇ ಗತಿ. ಎರಡೂ ಕಡೆಯಿಂದ ಪಡೆಯುವುದಾದರೆ ಪಡೆಯಲಿ, ಇಬ್ಬರೂ ಸಹಿ ಹಾಕುವ ಹಾಳೆಯಲ್ಲಿ ಆ ಮಾತೂ ಇರಲಿ.