ಹವ್ಯಾಸಕ್ಕೆ ಬೆಲೆ ಕಟ್ಟುವ ಹೊತ್ತು

ಫೋಟೊ ತೆಗೆಯುವ ಮನುಷ್ಯ ಹವ್ಯಾಸಿಯೋ ವೃತ್ತಿಪರನೋ ಎಂದು ತಿಳಿಯುವುದು ಹೇಗೆ? ಆಸ್ಟ್ರೇಲಿಯಾದ ತೆರಿಗೆ ಇಲಾಖೆ ಇದಕ್ಕೆ ಕೆಲವು ಗುರುತುಗಳನ್ನು ಕೊಡುತ್ತದೆ. ಲಾಭದ ಉದ್ದೇಶ ಇದೆಯೇ, ಕೆಲಸ ಮತ್ತೆ ಮತ್ತೆ ನಡೆಯುತ್ತಿದೆಯೇ, ಲೆಕ್ಕಪತ್ರ ಸರಿಯಾಗಿ ಇಟ್ಟಿದ್ದಾರೆಯೇ ಎಂದು ನೋಡುತ್ತದೆ. ವ್ಯವಹಾರ ಎಂದು ಒಪ್ಪಿದ ಮೇಲೂ, ಅದರ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಬೇಕಾದರೆ ಇನ್ನೊಂದು ಜರಡಿ ಇದೆ. ವರ್ಷಕ್ಕೆ 20,000 ಡಾಲರ್ ಆದರೂ ಆದಾಯ ಬರಬೇಕು, ಇಲ್ಲವೇ ಐದು ವರ್ಷದಲ್ಲಿ ಮೂರು ವರ್ಷ ಲಾಭ ಕಂಡಿರಬೇಕು. ಇಂಥವೇ ಇನ್ನೆರಡು ಪರೀಕ್ಷೆಗಳಿವೆ. ಬರೀ ಹವ್ಯಾಸ ಎಂದಾದರೆ ಬಂದ ದುಡ್ಡಿಗೆ ತೆರಿಗೆಯಿಲ್ಲ, ಕ್ಯಾಮೆರಾದ ಖರ್ಚು ಕಳೆಯುವಂತೆಯೂ ಇಲ್ಲ. ಲೆಕ್ಕಿಗನಾದ ನನಗೆ ಇಷ್ಟು ಸಾಕು.

ಕೇಳಲು ಬಂದ ಹುಡುಗನಿಗೆ ಸಾಕಾಗಲಿಲ್ಲ. ಹಾಸನದ ಕಡೆಯವನು, ಸಾಫ್ಟ್‌ವೇರ್ ಟೆಸ್ಟರ್. ನಮ್ಮ ರೌಸ್ ಹಿಲ್ ಪಕ್ಕದ ಟಲ್ಲವಾಂಗ್‌ನಲ್ಲಿ ಮನೆ, ಮನೆಯ ಮೇಲೆ ಸಾಲ, ಎರಡು ವರ್ಷದ ಮಗು. ಕೆಲಸ ಬಿಟ್ಟು ಫೋಟೊಗ್ರಫಿಯನ್ನೇ ಹಿಡಿಯಬೇಕೆಂದಿದ್ದ. "ನಾನು ಪ್ರೊಫೆಷನಲ್ ಆಗೋದು ಯಾವಾಗ ಸರ್? ದುಡ್ಡು ತಗೊಂಡ ಮೇಲೂ ಇದರ ಮೇಲೆ ಇಷ್ಟೇ ಪ್ರೀತಿ ಇರುತ್ತಾ?" ಎಂದ. ಮೊದಲನೆಯದಕ್ಕೆ ಕಾನೂನಿನ ಉತ್ತರ ಕೊಟ್ಟೆ. ಎರಡನೆಯದು ನನ್ನ ತಲೆಯಲ್ಲೇ ಉಳಿಯಿತು.

ಕೌಶಲವೇ ವೃತ್ತಿಪರನ ಗುರುತು ಎಂದರೆ ನಾನು ಒಪ್ಪುವುದಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರು ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಹಣಕಾಸು ಸಚಿವರಾಗಿದ್ದವರು, ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರು. ರಾಜ್ಯದ ಬಜೆಟ್ ಮಂಡಿಸಿದ ಕೈಯೇ ಆನೆಯ ಫೋಟೊವನ್ನೂ ತೆಗೆದಿತ್ತು (ನಮ್ಮ ವೃತ್ತಿಯವರು ಹೆಮ್ಮೆಪಡಬಹುದಾದ ಸಂಗತಿ). ಅವರ ಹೊಟ್ಟೆಪಾಡು ಕ್ಯಾಮೆರಾದ ಮೇಲೆ ನಿಂತಿರಲಿಲ್ಲ. ಅದರಿಂದ ಚಿತ್ರಗಳ ತೂಕವೇನೂ ಕಡಿಮೆಯಾಗಲಿಲ್ಲ.

ಹಾಗಾದರೆ ದುಡ್ಡು ತಂದುಹಾಕುವ ವ್ಯತ್ಯಾಸ ಯಾವುದು? ಇಲ್ಲಿನ ನಮ್ಮವರ ಸಮಾರಂಭಗಳನ್ನು ನೋಡಿ. ಗೃಹಪ್ರವೇಶ, ಸೀಮಂತ, ನಾಮಕರಣ, ಸಂಘದ ರಾಜ್ಯೋತ್ಸವ ಎಲ್ಲಕ್ಕೂ ಈ ಹುಡುಗನಿಗೆ ಕರೆ ಬರುತ್ತಿತ್ತು. "ಹೇಗೂ ಬರ್ತೀಯಲ್ಲ, ಕ್ಯಾಮೆರಾನೂ ತಗೊಂಡು ಬಾ." ಕಲೆಗೆ ಬೆಲೆ ಕೇಳಿದರೆ ನಿಷ್ಕಾಮ ಕರ್ಮದ ಮಾತು ಬರುತ್ತದೆ. ಅಡುಗೆಯವರಿಗೆ ಮಾತ್ರ ತಲೆಗಿಷ್ಟೆಂದು ಮುಂಗಡ ಕೊಟ್ಟಿರುತ್ತಾರೆ; ಅವರಿಗೆ ಯಾರೂ ಗೀತೆ ಹೇಳಿದ್ದನ್ನು ನಾನು ಕೇಳಿಲ್ಲ. ಮೆಲ್ಬರ್ನ್‌ನ ಒಂದು ಮದುವೆಗೆಂದು ಅವನು ಸುಮಾರು 900 ಕಿಲೋಮೀಟರ್ ಕಾರು ಓಡಿಸಿಕೊಂಡು ಹೋದಾಗಲೂ, ಕೈಗೆ ಬಂದದ್ದು ಪೆಟ್ರೋಲಿನ ಖರ್ಚು ಮತ್ತು ಒಂದು ಶರ್ಟ್ ಪೀಸು.

ಇಂಥದೇ ಒಂದು ನಾಮಕರಣದಲ್ಲಿ ಅವನ ಮೆಮೊರಿ ಕಾರ್ಡು ಕೆಟ್ಟಿತು. ಶಿವಮೊಗ್ಗದಿಂದ ಬಂದ ಅಜ್ಜ ಅಜ್ಜಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ಚಿತ್ರ ಒಂದೂ ಉಳಿಯಲಿಲ್ಲ. ಮನೆಯವರು "ಪರವಾಗಿಲ್ಲ ಬಿಡು" ಎಂದರು. ಪುಕ್ಕಟೆ ಬಂದವನನ್ನು ಬೈಯುವುದು ಹೇಗೆ? ಅಜ್ಜ ಅಜ್ಜಿ ಇನ್ನೊಮ್ಮೆ ಅಷ್ಟು ದೂರ ಬರುವುದು ಕಷ್ಟ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆ "ಪರವಾಗಿಲ್ಲ" ಅವನನ್ನು ತಿಂಗಳುಗಟ್ಟಲೆ ಕಾಡಿತು. ಆಮೇಲೆ ಅವನು ಒಂದೇ ಚಿತ್ರವನ್ನು ಎರಡು ಕಾರ್ಡುಗಳ ಮೇಲೂ ಬರೆಯುವ ಕ್ಯಾಮೆರಾ ಕೊಂಡ, ಬೆಲೆಪಟ್ಟಿ ಬರೆದ, ಒಪ್ಪಂದದ ಕಾಗದ ಮಾಡಿದ. ನನ್ನ ಲೆಕ್ಕದಲ್ಲಿ ಅವನು ವೃತ್ತಿಪರನಾದದ್ದು ಆ ವಾರ. ಆಗ ಅವನ ವರ್ಷದ ಗಳಿಕೆ 20,000ದ ಹತ್ತಿರಕ್ಕೂ ಬಂದಿರಲಿಲ್ಲ. ಬೆಲೆ ಹೇಳಿದವನನ್ನು ಜನ ಹೊಣೆ ಕೇಳಬಹುದು. ಆಡಿಟ್ ವರದಿಗೆ ಸಹಿ ಹಾಕುವಾಗ ನನಗೂ ಭಯವಾಗುವುದು ಇದೇ ಕಾರಣಕ್ಕೆ: ಆ ಸಹಿಯನ್ನು ನಂಬಿ ಯಾರೋ ಗುರುತಿಲ್ಲದವರು ದುಡ್ಡು ಹಾಕುತ್ತಾರೆ.

ಇನ್ನು ಪ್ರೀತಿಯ ಮಾತು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಕ್ಯಾಮೆರಾದಿಂದಲೇ ಬದುಕಿದವರು. ಪತ್ರಿಕೆಗಳಿಗೆ, ಸಂಸ್ಥೆಗಳಿಗೆ ಕೆಲಸ ಮಾಡಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಆ ಮಕ್ಕಳ ಮುಖ ನೋಡಿದ ಯಾರಿಗೂ ಇದು ಸಂಬಳಕ್ಕೆ ತೆಗೆದದ್ದು, ಇದು ಸಂತೋಷಕ್ಕೆ ತೆಗೆದದ್ದು ಎಂದು ಬೇರೆ ಮಾಡಲು ಬರುವುದಿಲ್ಲ.

ಹಾಗೆಂದು ದುಡ್ಡಿನಿಂದ ಏನೂ ಕಳೆದುಹೋಗುವುದಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ. ಕಾನೂನಿನಲ್ಲೇ ಒಂದು ವಿಚಿತ್ರವಿದೆ. ಪುಕ್ಕಟೆ ತೆಗೆದ ಫೋಟೊದ ಹಕ್ಕು ತೆಗೆದವನದು. ಮದುವೆಯಂಥ ಖಾಸಗಿ ಕಾರ್ಯಕ್ಕೆ ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದು. ಆಸ್ಟ್ರೇಲಿಯಾದಲ್ಲೂ ಹೀಗೆ, ಭಾರತದಲ್ಲೂ ಹೆಚ್ಚುಕಡಿಮೆ ಹೀಗೆ. ಕಣ್ಣು ನಿಮ್ಮದೇ ಆದರೂ ಕಂಡದ್ದು ಇನ್ನೊಬ್ಬರದಾಗುತ್ತದೆ. ಇದು ಸಣ್ಣ ನಷ್ಟವಲ್ಲ.

ಸಿಡ್ನಿಯ ಮ್ಯಾಕ್ಸ್ ಡುಪೇನ್ ಜೀವನಕ್ಕಾಗಿ ಜಾಹೀರಾತು, ಕಟ್ಟಡಗಳ ಫೋಟೊ ತೆಗೆಯುತ್ತಿದ್ದವರು. ಇಂದು ಈ ದೇಶವೆಲ್ಲ ಬಲ್ಲ ಅವರ 'ಸನ್‌ಬೇಕರ್', ಮರಳಿನ ಮೇಲೆ ಕವುಚಿ ಮಲಗಿದ ಗೆಳೆಯನ ಚಿತ್ರ, 1937ರಲ್ಲಿ ಸ್ನೇಹಿತರೊಡನೆ ಕಡಲತೀರಕ್ಕೆ ಹೋದಾಗ ತೆಗೆದದ್ದು. ಅದನ್ನು ತೆಗೆಸಿದ ಗಿರಾಕಿ ಯಾರೂ ಇರಲಿಲ್ಲ. ಅದು ಹೆಸರಾದದ್ದು ಎಪ್ಪತ್ತರ ದಶಕದಲ್ಲಿ.

ಹುಡುಗ ಈಗ ವಾರಕ್ಕೆ ಮೂರು ದಿನ ಟೆಸ್ಟಿಂಗ್ ಮಾಡುತ್ತಾನೆ, ಉಳಿದ ದಿನ ಗಿರಾಕಿಗಳು. ಸಾಲದ ಕಂತು ತಪ್ಪಿಲ್ಲ. ಹೆಂಡತಿಯ ಆತಂಕ ಹೋಗಿದೆಯೆಂದು ಹೇಳಲಾರೆ. ತಿಂಗಳಲ್ಲಿ ಒಂದು ಬೆಳಗ್ಗೆ ಮಾತ್ರ ಯಾರ ಬುಕಿಂಗನ್ನೂ ಒಪ್ಪದೆ ವಿಂಡ್ಸರ್ ಕಡೆ ಹಾಕ್ಸ್‌ಬರಿ ನದಿಯ ದಂಡೆಗೆ ಹೋಗಿ ಪೆಲಿಕನ್ ಹಕ್ಕಿಗಳ ಮುಂದೆ ಕೂತಿರುತ್ತಾನೆ. ಆ ದಿನದ ಪೆಟ್ರೋಲ್ ರಸೀದಿಯನ್ನು ನನಗೆ ತಂದುಕೊಡಬೇಡ ಎಂದಿದ್ದೇನೆ.